ಬಾಲ್ಕನ್ ಕರಾವಳಿಗೆ ನವೆಂಬರ್‌ನಲ್ಲಿ ಕ್ಯಾಂಪರ್ ವ್ಯಾನ್: ಕ್ರೊಯೇಷಿಯಾ, ಅಲ್ಬೇನಿಯಾ, ಗ್ರೀಸ್ ಪೈಕಿ ಯಾವುದು?

ಅಕ್ಟೋಬರ್ ಕೊನೆಯ ಭಾನುವಾರ ಯುರೋಪಿನ ಗಡಿಯಾರಗಳು ಒಂದು ಗಂಟೆ ಹಿಂದಕ್ಕೆ ಹೋಗುತ್ತವೆ. ಅಲ್ಲಿಂದಾಚೆಗೆ ಬಾಲ್ಕನ್ ಕರಾವಳಿಯ ಚಹರೆಯೇ ಬದಲಾಗುತ್ತದೆ. ಜುಲೈನಲ್ಲಿ ವ್ಯಾನ್ ನಿಲ್ಲಿಸಲು ಪರದಾಡಿಸುವ ಊರುಗಳಲ್ಲಿ ಸಮುದ್ರದ ಎದುರಿಗೇ ಜಾಗ ಸಿಗುತ್ತದೆ. ಬೆಲೆ ಇಳಿದಿರುತ್ತದೆ. ಅಂಗಡಿಯವರಿಗೆ ನಿಮ್ಮ ಜೊತೆ ನಾಲ್ಕು ಮಾತಾಡಲು ಪುರುಸೊತ್ತು ಇರುತ್ತದೆ. ಆದರೆ ಅರ್ಧದಷ್ಟು ಕ್ಯಾಂಪ್‌ಸೈಟ್‌ಗಳ ಗೇಟಿಗೆ ಬೀಗ ಬಿದ್ದಿರುತ್ತದೆ, ನಾಲ್ಕೂವರೆಗೆಲ್ಲ ಕತ್ತಲಾಗುತ್ತದೆ, ಮಳೆ ಹಿಡಿದರೆ ಮೂರು ದಿನ ಬಿಡುವುದಿಲ್ಲ.

ಜರ್ಮನಿ, ಆಸ್ಟ್ರಿಯಾ, ನೆದರ್ಲೆಂಡ್ಸ್ ಕಡೆ ಇರುವ ಕನ್ನಡದವರು ಈಗ ವ್ಯಾನ್ ಬಾಡಿಗೆಗೆ ಹಿಡಿದು ದಕ್ಷಿಣಕ್ಕೆ ಇಳಿಯುವುದು ಜಾಸ್ತಿಯಾಗಿದೆ. ಅವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, "ಯಾವ ದೇಶ ಚೆನ್ನಾಗಿದೆ?" ಫೋಟೊ ನೋಡಿದರೆ ಎಲ್ಲವೂ ಚೆನ್ನಾಗಿಯೇ ಇವೆ. ನೀಲಿ ನೀರು, ಬಿಳಿ ಕಲ್ಲು, ಹಿಂದೆ ಬೆಟ್ಟ. ನವೆಂಬರ್‌ನಲ್ಲಿ ನೋಡಬೇಕಾದದ್ದು ಬೇರೆ: ಗಾಳಿ ಯಾವ ಕಡೆಯಿಂದ, ಮಳೆ ಎಷ್ಟು, ರಾತ್ರಿ ಎಲ್ಲಿ ಮಲಗಲು ಕಾನೂನು ಬಿಡುತ್ತದೆ, ಪಾಸ್‌ಪೋರ್ಟಿನಲ್ಲಿ ಯಾವ ವೀಸಾ ಇದೆ. ಈ ನಾಲ್ಕಕ್ಕೆ ಉತ್ತರ ಸಿಕ್ಕರೆ ದೇಶ ತಾನಾಗಿಯೇ ಆಯ್ಕೆಯಾಗುತ್ತದೆ.

ವೀಸಾದಿಂದ ಶುರು ಮಾಡಿ

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಇದೇ ಮೊದಲ ಜರಡಿ. ಕ್ರೊಯೇಷಿಯಾ 2023ರ ಜನವರಿ 1ರಂದು ಷೆಂಗೆನ್ ಒಳಗೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿಗೆ, ಬಂತು. ಅದೇ ದಿನ ಯೂರೊ ಕೂಡ ಬಂತು. ಗ್ರೀಸ್ ಅದಕ್ಕೂ ಎಷ್ಟೋ ಮೊದಲಿಂದ ಒಳಗಿದೆ. ಆದರೆ ಇವೆರಡರ ನಡುವೆ ಇರುವ ಮಾಂಟೆನೆಗ್ರೊ ಮತ್ತು ಅಲ್ಬೇನಿಯಾ ಹೊರಗಿವೆ. ಅಂದರೆ ಕರಾವಳಿ ಹಿಡಿದು ಕೆಳಗೆ ಹೋದರೆ ನೀವು ಷೆಂಗೆನ್ ಬಿಟ್ಟು ಹೊರಗೆ ಬಂದು, ಮತ್ತೆ ಒಳಗೆ ಹೋಗುತ್ತೀರಿ. ಒಂದೇ ಪ್ರವೇಶದ ವೀಸಾ ಇದ್ದರೆ ಪ್ರವಾಸ ಅಲ್ಲಿಗೇ ನಿಂತಿತು.

ಯುರೋಪಿನ ವಾಸದ ಪರವಾನಗಿ ಇರುವವರಿಗೆ ಈ ತಾಪತ್ರಯ ಇಲ್ಲ. ಹಲವು ಪ್ರವೇಶದ ಷೆಂಗೆನ್ ವೀಸಾ ಇದ್ದವರನ್ನೂ ಮಾಂಟೆನೆಗ್ರೊ, ಅಲ್ಬೇನಿಯಾ ಎರಡೂ ಬಿಟ್ಟುಕೊಳ್ಳುತ್ತಾ ಬಂದಿವೆ. ಅಲ್ಬೇನಿಯಾ ಮಾತ್ರ ಆ ವೀಸಾ ಒಮ್ಮೆಯಾದರೂ ಬಳಕೆಯಾಗಿರಬೇಕು ಅನ್ನುತ್ತದೆ. ಇಂಥ ನಿಯಮ ಬದಲಾಗುತ್ತಲೇ ಇರುತ್ತವೆ, ಹಾಗಾಗಿ ಹೊರಡುವ ವಾರ ಆಯಾ ದೇಶದ ವಿದೇಶಾಂಗ ಇಲಾಖೆಯ ಪುಟ ನೋಡಿಯೇ ಹೊರಡಿ.

ಕ್ರೊಯೇಷಿಯಾದ ನಕ್ಷೆಯಲ್ಲಿ ಒಂದು ತಮಾಷೆ ಇದೆ. ಡುಬ್ರೋವ್ನಿಕ್‌ಗೆ ಹೋಗುವ ದಾರಿಯಲ್ಲಿ ನೇಉಮ್ ಎಂಬ ಊರಿನ ಹತ್ತಿರ ಬೋಸ್ನಿಯಾ ಸಮುದ್ರಕ್ಕೆ ಕಾಲು ಚಾಚಿದೆ. ಮೊದಲೆಲ್ಲ ಅಲ್ಲಿ ಎರಡು ಸಲ ಗಡಿ ದಾಟಬೇಕಿತ್ತು. 2022ರ ಜುಲೈನಲ್ಲಿ ಪೆಲ್ಯೆಶಾತ್ಸ್ ಸೇತುವೆ ತೆರೆದ ಮೇಲೆ ಆ ಗೋಜಿಲ್ಲ. ಸುಮಾರು 2.4 ಕಿ.ಮೀ. ಉದ್ದದ ಸೇತುವೆ, ಟೋಲ್ ಕೂಡ ಇಲ್ಲ. ಆದರೆ ನ್ಯಾವಿಗೇಷನ್ ಕೆಲವೊಮ್ಮೆ ಹಳೇ ದಾರಿಯನ್ನೇ ಹತ್ತಿರ ಎಂದು ತೋರಿಸುತ್ತದೆ. ಒಂದೇ ಪ್ರವೇಶದ ವೀಸಾ ಇದ್ದವರು ಅದನ್ನು ನಂಬಿ ನೇಉಮ್ ಕಡೆ ತಿರುಗಿದರೆ ಫಜೀತಿ.

ವ್ಯಾನಿಗೂ ಒಂಥರ ವೀಸಾ ಬೇಕು. ಬಾಡಿಗೆ ಕಂಪನಿಗಳು ಕ್ರೊಯೇಷಿಯಾ, ಗ್ರೀಸ್ ಎಂದರೆ ಸುಲಭವಾಗಿ ಒಪ್ಪುತ್ತವೆ. ಅಲ್ಬೇನಿಯಾ ಎಂದರೆ ಹಲವರು ಆಗುವುದಿಲ್ಲ ಎನ್ನುತ್ತಾರೆ, ಇಲ್ಲವೇ ಹೆಚ್ಚಿಗೆ ದುಡ್ಡು ಕೇಳುತ್ತಾರೆ. ಒಪ್ಪಿಗೆಯನ್ನು ಬರಹದಲ್ಲೇ ತೆಗೆದುಕೊಳ್ಳಿ. ವಿಮೆ ಯಾವ ಯಾವ ದೇಶದಲ್ಲಿ ನಡೆಯುತ್ತದೆ ಎಂದು ತೋರಿಸುವ ಗ್ರೀನ್ ಕಾರ್ಡ್‌ನಲ್ಲಿ ಅಲ್ಬೇನಿಯಾದ ಹೆಸರಿಗೆ ಗೆರೆ ಎಳೆದಿಲ್ಲ ತಾನೇ ಅಂತಲೂ ನೋಡಿಕೊಳ್ಳಿ. ಭಾರತದ ಲೈಸೆನ್ಸ್ ಮೇಲೆ ಓಡಿಸುವವರಿಗೆ ಅಂತರರಾಷ್ಟ್ರೀಯ ಪರ್ಮಿಟ್ ಬೇಕು, ಮತ್ತು ವ್ಯಾನಿನ ಒಟ್ಟು ತೂಕ 3.5 ಟನ್ ಒಳಗಿರಲಿ.

ಕ್ರೊಯೇಷಿಯಾ: ರಸ್ತೆ ಚೆನ್ನ, ಗಾಳಿ ಕೆಟ್ಟದ್ದು

ಕ್ರೊಯೇಷಿಯಾದ ಪರ ಹೇಳಲು ಬೇಕಾದಷ್ಟಿದೆ. ರಸ್ತೆ ಅಚ್ಚುಕಟ್ಟು. ವರ್ಷವಿಡೀ ತೆರೆದಿರುವ ಕ್ಯಾಂಪ್‌ಸೈಟ್‌ಗಳು ದೊಡ್ಡ ಊರುಗಳ ಸುತ್ತ ಸಿಗುತ್ತವೆ. ಬಿಸಿನೀರು, ಕರೆಂಟು, ಟಾಯ್ಲೆಟ್ ಕ್ಯಾಸೆಟ್ (ವ್ಯಾನಿನ ಟಾಯ್ಲೆಟ್ಟಿನ ತೊಟ್ಟಿ) ಖಾಲಿ ಮಾಡಲು ಜಾಗ, ಎಲ್ಲ ಸರಿಯಾಗಿರುತ್ತವೆ. ಮೊದಲ ಸಲ ವ್ಯಾನ್ ಹಿಡಿದವರಿಗೆ, ಚಿಕ್ಕ ಮಕ್ಕಳಿರುವವರಿಗೆ ಇದಕ್ಕಿಂತ ಸಲೀಸಾದ ದೇಶ ಈ ಕರಾವಳಿಯಲ್ಲಿ ಇಲ್ಲ.

ತಾಪತ್ರಯ ಎರಡು. ಮೊದಲನೆಯದು, ಕ್ಯಾಂಪ್‌ಸೈಟ್ ಬಿಟ್ಟು ಬೇರೆಲ್ಲೂ ರಾತ್ರಿ ಮಲಗುವಂತಿಲ್ಲ. ಖಾಲಿ ಬೀಚ್ ನೋಡಿ "ಯಾರು ಕೇಳ್ತಾರೆ" ಅಂತ ನಿಲ್ಲಿಸಿದರೆ ಪೊಲೀಸರು ಬೆಳಗಿನ ಜಾವ ಬಾಗಿಲು ತಟ್ಟಬಹುದು, ದಂಡವೂ ದೊಡ್ಡದು. ಬಹಳಷ್ಟು ಕ್ಯಾಂಪ್‌ಸೈಟ್‌ಗಳು ಅಕ್ಟೋಬರ್ ಮಧ್ಯದಿಂದ ಒಂದೊಂದಾಗಿ ಮುಚ್ಚುತ್ತವೆ. ಹಾಗಾಗಿ ಇಲ್ಲಿ ದಾರಿಯನ್ನು ನಿರ್ಧರಿಸುವುದು ನೀವಲ್ಲ, ತೆರೆದಿರುವ ಗೇಟುಗಳು. ಬೆಳಗ್ಗೆಯೇ ಫೋನ್ ಮಾಡಿ ಕೇಳಿಕೊಂಡು ಹೊರಡಬೇಕು.

ಎರಡನೆಯದು ಬೂರಾ. ಇದು ಈಶಾನ್ಯದಿಂದ ಬೀಸುವ ಒಣ ಚಳಿಗಾಳಿ. ಒಳನಾಡಿನ ತಣ್ಣನೆಯ, ಭಾರವಾದ ಗಾಳಿ ವೆಲೆಬಿಟ್ ಬೆಟ್ಟದ ಹಿಂದೆ ಸೇರಿಕೊಳ್ಳುತ್ತದೆ. ಬೆಟ್ಟದ ನೆತ್ತಿ ದಾಟಿತೋ, ಕಟ್ಟೆ ಒಡೆದ ನೀರಿನ ಹಾಗೆ ಸಮುದ್ರದ ಮೇಲೆ ಬೀಳುತ್ತದೆ. ಒಂದೇ ಸಮನೆ ಬೀಸುವುದಿಲ್ಲ, ಬಿಟ್ಟು ಬಿಟ್ಟು ಗುದ್ದುತ್ತದೆ. ಗಂಟೆಗೆ 200 ಕಿ.ಮೀ. ಮೀರಿದ ಗುದ್ದುಗಳು ದಾಖಲಾಗಿವೆ. ಎತ್ತರದ ವ್ಯಾನನ್ನು ಪಕ್ಕದ ಲೇನಿಗೆ ತಳ್ಳಲು ಅದರ ಅರ್ಧವೂ ಬೇಡ. ಸೇನ್ ಊರಿನ ಸುತ್ತಮುತ್ತ, ಪಾಗ್ ದ್ವೀಪದ ಸೇತುವೆ, ಎ1 ಹೆದ್ದಾರಿಯಲ್ಲಿ ಸ್ವೇತಿ ರೋಕ್ ಸುರಂಗದಿಂದ ಮಾಸ್ಲೆನಿತ್ಸಾವರೆಗಿನ ತುಂಡು, ಇವು ಕುಖ್ಯಾತ ಜಾಗಗಳು. ಗಾಳಿ ಏರಿದರೆ ಮೊದಲು ಕ್ಯಾಂಪರ್ ಮತ್ತು ಎತ್ತರದ ಗಾಡಿಗಳನ್ನು ತಡೆಯುತ್ತಾರೆ, ಆಮೇಲೆ ಎಲ್ಲವನ್ನೂ. ಕ್ರೊಯೇಷಿಯಾದ ಆಟೊಕ್ಲಬ್ ಆದ ಹಾಕ್‌ನ ಆ್ಯಪಿನಲ್ಲಿ ಯಾವ ರಸ್ತೆ ಯಾರಿಗೆ ಬಂದ್ ಎಂದು ಆಗಾಗ ಬರುತ್ತಿರುತ್ತದೆ. ನವೆಂಬರ್‌ನಲ್ಲಿ ಹವಾಮಾನಕ್ಕಿಂತ ಮೊದಲು ಅದನ್ನು ನೋಡಿ.

ಬೂರಾ ಬಂದರೆ ಆಕಾಶ ಮಾತ್ರ ತೊಳೆದಂತೆ ಸ್ವಚ್ಛ. ಇನ್ನೊಂದು ಗಾಳಿ ಯೂಗೊ, ಅದು ಇದರ ತದ್ವಿರುದ್ಧ. ಆಗ್ನೇಯದಿಂದ ಬರುತ್ತದೆ, ಬೆಚ್ಚಗೆ, ತೇವ ತುಂಬಿಕೊಂಡು. ದಿನಗಟ್ಟಲೆ ಮೋಡ, ಮಳೆ, ದೊಡ್ಡ ಅಲೆ. ಯಾವುದು ಬಂದರೂ ದ್ವೀಪದ ಫೆರ್ರಿ ನಿಲ್ಲಬಹುದು. ಹಾಗಾಗಿ ಕೈಯಲ್ಲಿ ದಿನ ಕಡಿಮೆ ಇದ್ದವರು ದ್ವೀಪಕ್ಕೆ ವ್ಯಾನ್ ದಾಟಿಸುವ ಯೋಚನೆ ಬಿಡುವುದು ಒಳ್ಳೆಯದು.

ಕ್ರೊಯೇಷಿಯಾದೊಳಗೇ ಉತ್ತರ ತುದಿಯ ಇಸ್ಟ್ರಿಯಾ ಮತ್ತು ದಕ್ಷಿಣದ ಡಾಲ್ಮೇಷಿಯಾ ನಡುವೆ ಆರಿಸಬೇಕಾದರೆ? ಅಕ್ಟೋಬರ್ ಕೊನೆಯ ವಾರವಾದರೆ ಇಸ್ಟ್ರಿಯಾ. ಆಗ ಎಣ್ಣೆಗಾಣಗಳ ಮುಂದೆ ಆಲಿವ್ ತುಂಬಿದ ಟ್ರ್ಯಾಕ್ಟರ್‌ಗಳ ಸಾಲು ಇರುತ್ತದೆ, ಮೊಟೊವುನ್ ಕೆಳಗಿನ ಕಾಡಿನಲ್ಲಿ ನಾಯಿ ಬಿಟ್ಟು ಬಿಳಿ ಟ್ರಫಲ್ ಎಂಬ ನೆಲದಡಿಯ ಅಣಬೆ ಹುಡುಕುತ್ತಿರುತ್ತಾರೆ. ಸಮುದ್ರಕ್ಕಿಂತ ಒಳಗಿನ ಗುಡ್ಡದ ಊರುಗಳೇ ಚೆಂದ. ನವೆಂಬರ್ ಬಂತೆಂದರೆ ಸ್ಪ್ಲಿಟ್‌ನಿಂದ ಕೆಳಗೆ ಹೋಗಿ. ನೆರೆತ್ವಾ ನದಿ ಸಮುದ್ರ ಸೇರುವ ಓಪುಜೆನ್ ಬಯಲಿನಲ್ಲಿ ಕಿತ್ತಳೆ ಜಾತಿಯ ಮ್ಯಾಂಡರಿನ್ ಕೊಯ್ಲು ನಡೆದಿರುತ್ತದೆ, ರಸ್ತೆ ಬದಿಯಲ್ಲೇ ಚೀಲಗಟ್ಟಲೆ ಮಾರುತ್ತಾರೆ. ಡುಬ್ರೋವ್ನಿಕ್ ಕೋಟೆಗೋಡೆ ಮೇಲೆ ಬೇಸಿಗೆಯ ನೂಕುನುಗ್ಗಲು ಇಲ್ಲದೆ ನಡೆಯಬಹುದು. ಸಸ್ಯಾಹಾರಿಗಳಿಗೆ ಡಾಲ್ಮೇಷಿಯಾದಲ್ಲಿ ಬ್ಲಿತ್ವಾ ಇದೆ: ಸೊಪ್ಪು, ಆಲೂಗಡ್ಡೆ, ಬೆಳ್ಳುಳ್ಳಿ, ಆಲಿವ್ ಎಣ್ಣೆ. ಮೀನಿನ ಜೊತೆ ಕೊಡುವ ಪಲ್ಯ ಅದು, ಅದೊಂದನ್ನೇ ಕೇಳಿದರೂ ಕೊಡುತ್ತಾರೆ.

ಮಾಂಟೆನೆಗ್ರೊ: ನೋಡಿಕೊಂಡು ಮುಂದೆ ಹೋಗಿ

ಕೋಟರ್ ಕೊಲ್ಲಿ ಈ ಇಡೀ ಕರಾವಳಿಯಲ್ಲೇ ಸುಂದರವಾದ ಜಾಗ ಎಂದರೆ ನಾನು ಜಗಳ ಆಡುವುದಿಲ್ಲ. ಆದರೆ ನವೆಂಬರ್‌ನಲ್ಲಿ ಅಲ್ಲಿ ತಂಗಲು ಹೋಗಬೇಡಿ. ಕಾರಣ ಮಳೆ. ಕೊಲ್ಲಿಯ ಮೇಲಿನ ಒರ್ಯೆನ್ ಬೆಟ್ಟದಲ್ಲಿ ಕ್ರ್ಕ್‌ವಿತ್ಸೆ ಎಂಬ ಹಳ್ಳಿ ಇದೆ. ಯುರೋಪಿನಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಒಂದು, ವರ್ಷದ ಸರಾಸರಿ 4,500 ಮಿ.ಮೀ. ಮೀರುತ್ತದೆ. ಆಗುಂಬೆಯ 7,000 ದಾಟಿದ ಲೆಕ್ಕ ಗೊತ್ತಿರುವ ನಮಗೆ ಇದೇನು ಮಹಾ ಅನ್ನಿಸಬಹುದು. ಕಾರಣವೂ ಒಂದೇ: ಸಮುದ್ರದ ತೇವದ ಗಾಳಿ ನೇರ ಎದ್ದ ಬೆಟ್ಟಕ್ಕೆ ಬಡಿಯುವುದು. ವ್ಯತ್ಯಾಸ ತಿಂಗಳಿನದು. ನಮ್ಮಲ್ಲಿ ಜೂನ್‌ನಲ್ಲಿ ಶುರುವಾಗುವುದು ಅಲ್ಲಿ ಅಕ್ಟೋಬರ್‌ನಲ್ಲಿ ಶುರುವಾಗುತ್ತದೆ. ಬೇಸಿಗೆಯ ಬಿಸಿ ಇನ್ನೂ ಉಳಿದಿರುವ ಸಮುದ್ರ, ಅದರ ಮೇಲೆ ಯೂಗೊ. ನವೆಂಬರ್ ಅದರ ನಡುಮಧ್ಯ.

ಬಿಸಿಲು ಇರುವ ಒಂದು ದಿನ ಸಿಕ್ಕರೆ ಕೋಟರ್, ಪೆರಾಸ್ಟ್ ನೋಡಿ. ಇಡೀ ಕೊಲ್ಲಿ ಸುತ್ತಲು ಬೇಸರವಾದರೆ ಕಾಮೆನಾರಿಯಿಂದ ಲೆಪೆಟಾನೆಗೆ ಪುಟ್ಟ ಫೆರ್ರಿ ಇದೆ, ಗಾಡಿ ಸಮೇತ ಕೆಲವೇ ನಿಮಿಷದಲ್ಲಿ ದಾಟಿಸುತ್ತದೆ. ಕೋಟರ್‌ನಿಂದ ಲೋವ್ಚೆನ್‌ಗೆ ಹತ್ತುವ ಹಾವಿನಂಥ ರಸ್ತೆ ದೊಡ್ಡ ವ್ಯಾನಿಗೆ ಬೇಡ. ಯೂರೊ ನಡೆಯುತ್ತದೆ, ಆದರೆ ಯುರೋಪಿಯನ್ ಒಕ್ಕೂಟದ ಮೊಬೈಲ್ ರೋಮಿಂಗ್ ಸೌಲಭ್ಯ ಇಲ್ಲಿಂದ ಸಿಗುವುದಿಲ್ಲ. ಗಡಿಗೆ ಮುಂಚೆ ಡೇಟಾ ಆಫ್ ಮಾಡಿ ಸ್ಥಳೀಯ ಸಿಮ್ ತೆಗೆದುಕೊಳ್ಳಿ, ಇಲ್ಲವಾದರೆ ಬಿಲ್ ನೋಡಿ ಎದೆ ಒಡೆಯುತ್ತದೆ.

ಅಲ್ಬೇನಿಯಾ: ಸ್ವಾತಂತ್ರ್ಯ ಬೇಕಾದವರಿಗೆ

ವ್ಯಾನಿನಲ್ಲಿ ಮಲಗುವ ಮಜಾ ಏನೆಂದರೆ ಇಷ್ಟ ಬಂದಲ್ಲಿ ನಿಲ್ಲಿಸುವುದು, ಅಲ್ವಾ? ಈ ಕರಾವಳಿಯಲ್ಲಿ ಅದು ಇನ್ನೂ ಉಳಿದಿರುವುದು ಅಲ್ಬೇನಿಯಾದಲ್ಲಿ. ಸಮುದ್ರದ ಬದಿ ವ್ಯಾನ್ ನಿಲ್ಲಿಸಿದರೆ ಸಾಮಾನ್ಯವಾಗಿ ಯಾರೂ ಎಬ್ಬಿಸುವುದಿಲ್ಲ. ತೋಟದವರನ್ನು ಕೇಳಿ ನಿಲ್ಲಿಸಿದರೆ ಬೆಳಗ್ಗೆ ಕಾಫಿಯೂ ಬರಬಹುದು. ಕ್ಯಾಂಪ್‌ಸೈಟ್‌ಗಳು ಬಹುಪಾಲು ಮನೆಯವರೇ ನಡೆಸುವಂಥವು. ಸೀಸನ್ ಮುಗಿದಿದ್ದರೂ ಗೇಟಿನ ಮುಂದೆ ನಿಂತು ಕೂಗಿದರೆ ಯಾರಾದರೂ ಬಂದು ತೆಗೆಯುತ್ತಾರೆ.

ಉತ್ತರದ ಡುರಸ್ ಸುತ್ತಮುತ್ತಲ ತೀರ ಚಪ್ಪಟೆ, ಕಟ್ಟಡ ತುಂಬಿದ್ದು. ಅಲ್ಲಿ ದಿನ ಕಳೆಯದೆ ನೇರ ವ್ಲೋರಗೆ ಹೋಗಿ. ಅಲ್ಲಿಂದ ದಕ್ಷಿಣಕ್ಕೆ ಎಸ್‌ಎಚ್8 ರಸ್ತೆ ಹಿಡಿದರೆ ಲೋಗರಾ ಘಾಟಿ, ಸಾವಿರ ಮೀಟರ್‌ಗೂ ಸ್ವಲ್ಪ ಜಾಸ್ತಿ ಎತ್ತರ. 2024ರ ಜುಲೈನಲ್ಲಿ ಸುಮಾರು 6 ಕಿ.ಮೀ. ಉದ್ದದ ಸುರಂಗ ತೆರೆದ ಮೇಲೆ ಘಾಟಿ ಹತ್ತಲೇಬೇಕೆಂದಿಲ್ಲ. ನವೆಂಬರ್‌ನಲ್ಲಿ ನೆತ್ತಿ ಮೋಡದೊಳಗಿದ್ದರೆ ಕಣ್ಣುಮುಚ್ಚಿ ಸುರಂಗ ಆರಿಸಿ. ಆಕಾಶ ತಿಳಿಯಾಗಿದ್ದರೆ ಹಳೇ ರಸ್ತೆಯಲ್ಲಿ ಹೋಗಿ. ಒಂದು ತಿರುವಿನಲ್ಲಿ ಅಯೋನಿಯನ್ ಸಮುದ್ರ ಪೂರ್ತಿ ಕಾಲ ಕೆಳಗೆ ಬಿಚ್ಚಿಕೊಳ್ಳುತ್ತದೆ, ಸುರಂಗದಲ್ಲಿ ಹೋದವರಿಗೆ ಅದು ಸಿಗುವುದಿಲ್ಲ. ಆಮೇಲೆ ಧರ್ಮಿ, ಹಿಮಾರ, ಆಲಿವ್ ತೋಪುಗಳ ನಡುವಿನ ಬೋರ್ಶ್, ಕೊನೆಗೆ ಸರಂಡ. ಇವುಗಳಲ್ಲಿ ನವೆಂಬರ್‌ನಲ್ಲಿ ಬದುಕಿರುವ ಊರು ಸರಂಡ: ಮಾರುಕಟ್ಟೆ, ಗ್ಯಾರೇಜು, ಔಷಧಿ ಅಂಗಡಿ, ಗ್ರೀಸ್‌ನ ಕೊರ್ಫು ದ್ವೀಪಕ್ಕೆ ಫೆರ್ರಿ. ಪಕ್ಕದ ಕ್ಸಮಿಲ್ ಬೇಸಿಗೆ ಮುಗಿಯುತ್ತಲೇ ಬಿಕೋ ಎನ್ನುತ್ತದೆ, ಆದರೆ ಅದರಾಚೆಯ ಬುಟ್ರಿಂಟ್ ಪ್ರಾಚೀನ ನಗರ ನೋಡಲು ಜನ ಕಡಿಮೆಯಿರುವ ಈ ಹೊತ್ತೇ ಸರಿ. ನವೆಂಬರ್ 28 ಸ್ವಾತಂತ್ರ್ಯ ದಿನ. 1912ರಲ್ಲಿ ವ್ಲೋರದಲ್ಲೇ ಘೋಷಣೆ ಆಗಿದ್ದು, ಹಾಗಾಗಿ ಆ ದಿನ ಆ ಊರಲ್ಲಿರುವಂತೆ ನೋಡಿಕೊಂಡರೆ ಬೀದಿ ತುಂಬ ಕೆಂಪು ಬಾವುಟ.

ಊಟದ ಚಿಂತೆಯೂ ಕಡಿಮೆ. ಬೀದಿ ಮೂಲೆಯಲ್ಲೆಲ್ಲ ತೆಳು ಹಿಟ್ಟಿನ ಪದರಗಳ ತಿಂಡಿ ಬೈರೆಕ್ ಸಿಗುತ್ತದೆ, ಪಾಲಕ್ ಅಥವಾ ಮೊಸರುಗಿಣ್ಣು ತುಂಬಿದ್ದು ಕೇಳಿ. ದುಡ್ಡು ಲೆಕ್‌ನಲ್ಲಿ, ಸಣ್ಣ ಅಂಗಡಿಗಳಲ್ಲಿ ನಗದೇ ನಡೆಯುವುದು.

ಕಷ್ಟಗಳನ್ನೂ ಹೇಳಬೇಕು. ಇಲ್ಲಿಯೂ ನವೆಂಬರ್ ಮಳೆಗಾಲವೇ. ಮಣ್ಣಿನ ಜಾಗದಲ್ಲಿ ಸಂಜೆ ನಿಲ್ಲಿಸಿದ ವ್ಯಾನ್ ಬೆಳಗ್ಗೆ ಹೂತುಹೋಗಿರುತ್ತದೆ. ಒಣಗಿದ ಹಳ್ಳದ ಬಾಯಲ್ಲಿ, ಎಷ್ಟೇ ಚೆಂದ ಕಂಡರೂ, ನಿಲ್ಲಿಸಬೇಡಿ. ಕತ್ತಲಾದ ಮೇಲೆ ಓಡಿಸಬೇಡಿ. ದನ, ಕತ್ತೆಗಾಡಿ, ಲೈಟಿಲ್ಲದ ಸೈಕಲ್ಲು ಎದುರಾಗುತ್ತವೆ, ಮತ್ತು ನವೆಂಬರ್ ಇಪ್ಪತ್ತರ ಹೊತ್ತಿಗೆ ಸೂರ್ಯ ನಾಲ್ಕು ಇಪ್ಪತ್ತಕ್ಕೆಲ್ಲ ಮುಳುಗಿರುತ್ತಾನೆ. ಬೀದಿನಾಯಿಗಳು ಜಾಸ್ತಿ, ಬಹುತೇಕ ಪಾಪದವು.

ಗ್ರೀಸ್: ಪಶ್ಚಿಮಕ್ಕಲ್ಲ, ಪೂರ್ವಕ್ಕೆ

ಗ್ರೀಸ್ ಎಂದರೆ ಬಿಸಿಲು ಎಂದುಕೊಂಡು ಹೋಗುವವರು ಮೊದಲು ಇಳಿಯುವುದು ಇಗೌಮೆನಿತ್ಸಾ, ಪಾರ್ಗಾ, ಪ್ರೆವೆಜಾ ಕಡೆ. ಅಯೋನಿಯನ್ ಬದಿಯ ಈ ತೀರ ಹಸಿರಾಗಿರುವುದಕ್ಕೆ ಕಾರಣವೇ ಮಳೆ. ಎದುರಿಗಿನ ಕೊರ್ಫುನಲ್ಲಿ ವರ್ಷಕ್ಕೆ ಸಾವಿರ ಮಿ.ಮೀ. ಮೀರಿ ಸುರಿದರೆ, ಅಥೆನ್ಸ್‌ನಲ್ಲಿ ಸುಮಾರು 400. ಪಿಂಡಸ್ ಮತ್ತು ಟೈಗೆಟಸ್ ಬೆಟ್ಟಸಾಲು ಪಶ್ಚಿಮದ ಮೋಡ ತಡೆದು ಪೂರ್ವಕ್ಕೆ ಒಣಗಾಳಿ ಬಿಡುತ್ತವೆ. ಘಟ್ಟದ ಈಚೆ ಆಚೆ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಹಾಗಾಗಿ ನವೆಂಬರ್ ಎರಡನೇ ಅರ್ಧಕ್ಕೆ ನನ್ನ ಆಯ್ಕೆ ಗ್ರೀಸ್‌ನ ದಕ್ಷಿಣದ ಪರ್ಯಾಯದ್ವೀಪ ಪೆಲೊಪೊನೀಸ್‌ನ ಪೂರ್ವ ತೀರ: ನಾಫ್ಲಿಯೊ, ಲಿಯೊನಿಡಿಯೊ, ಮೊನೆಮ್ವಾಸಿಯಾ. ಲಿಯೊನಿಡಿಯೊದ ಕೆಂಪು ಬಂಡೆಗಳನ್ನು ಹತ್ತಲು ಚಳಿಗಾಲದಲ್ಲೇ ಜನ ಬರುವುದರಿಂದ ಬೇರೆಡೆ ಬಾಗಿಲು ಹಾಕಿದಾಗಲೂ ಈ ಊರಿನಲ್ಲಿ ಕಾಫಿ ಅಂಗಡಿ ತೆರೆದಿರುತ್ತದೆ. ಕಲಮಾಟಾ ಕಡೆ ಆಲಿವ್ ಕೊಯ್ಲಿನ ಗದ್ದಲ. ತೆಂಕಣದ ಸಮುದ್ರ ಈಗಲೂ 20 ಡಿಗ್ರಿ ಆಸುಪಾಸು, ಧೈರ್ಯ ಇದ್ದವರು ಈಜಬಹುದು. ಗ್ರೀಸ್ ಗಡಿಯಾರ ಒಂದು ಗಂಟೆ ಮುಂದಿದೆ, ಸೂರ್ಯ ಮುಳುಗುವುದು ಐದು ಗಂಟೆ ದಾಟಿದ ಮೇಲೆ. ಇದು ಸಣ್ಣ ವಿಷಯ ಅನ್ನಿಸಬಹುದು. ವ್ಯಾನಿನೊಳಗೆ ಕತ್ತಲಲ್ಲಿ ಕೂತಿರುವ ಸಂಜೆ ಒಂದು ಗಂಟೆ ಕಡಿಮೆಯಾಗುವುದು ಸಣ್ಣ ವಿಷಯ ಅಲ್ಲ.

ಎಲ್ಲೆಂದರಲ್ಲಿ ಮಲಗುವುದು ಗ್ರೀಸ್‌ನಲ್ಲಿ ಮೊದಲಿಂದಲೂ ನಿಷಿದ್ಧ. 2025ರಲ್ಲಿ ಕಾನೂನು ಇನ್ನಷ್ಟು ಬಿಗಿಯಾಯಿತು. "ಚಳಿಗಾಲದಲ್ಲಿ ಯಾರೂ ನೋಡಲ್ಲ" ಎಂಬ ಹಳೇ ಮಾತು ನಂಬಬೇಡಿ.

ಬಲ್ಗೇರಿಯಾದ ಕಪ್ಪು ಸಮುದ್ರದ ಕರಾವಳಿಯನ್ನೂ ಕೆಲವರು ಕೇಳುತ್ತಾರೆ. ಈ ಹೊತ್ತಿನಲ್ಲಿ ಅಲ್ಲಿ ತಣ್ಣನೆ ಗಾಳಿ, ಮುಚ್ಚಿದ ರೆಸಾರ್ಟ್‌ಗಳು. ಸುಮ್ನೆ ಮೇ ತಿಂಗಳಿಗೆ ಇಟ್ಟುಕೊಳ್ಳಿ.

ಯಾವ ವ್ಯಾನ್?

ಡ್ರೈವರ್ ತಲೆ ಮೇಲೆ ಹಾಸಿಗೆ ಇರುವ ದೊಡ್ಡ ಕ್ಯಾಂಪರ್ ಒಳಗೆ ಮನೆಯಂತೆ ಇರುತ್ತದೆ, ಆದರೆ ಮೂರು ಮೀಟರ್ ಎತ್ತರದ ಆ ಗೋಡೆ ಬೂರಾಗೆ ಹಾಯಿ ಬಿಚ್ಚಿಕೊಟ್ಟಂತೆ. ಛಾವಣಿ ಎತ್ತುವ ಪುಟ್ಟ ವ್ಯಾನ್ ಓಡಿಸಲು ಸುಖ, ಆದರೆ ಮೇಲಿನದು ಬರೀ ಬಟ್ಟೆ. ಗಾಳಿಯ ರಾತ್ರಿ ಅದರ ಪಟಪಟ ಸದ್ದಿಗೆ ನಿದ್ದೆ ಬರುವುದಿಲ್ಲ, ಮಳೆಗೆ ತೇವ ಒಳಗೆ ಬರುತ್ತದೆ. ನಡುವಿನ ದಾರಿ ಆರು ಮೀಟರ್ ಒಳಗಿನ, ಗಟ್ಟಿ ಛಾವಣಿಯ ವ್ಯಾನ್. ಅದರಲ್ಲಿ ಮೂರು ಇರಲೇಬೇಕು: ಡೀಸೆಲ್ ಹೀಟರ್, ಒಳಗೇ ಟಾಯ್ಲೆಟ್, ಒಳ್ಳೇ ಟೈರು. ಹೀಟರ್ ಡೀಸೆಲ್‌ನದ್ದಾದರೆ ಅಡುಗೆ ಗ್ಯಾಸ್ ಉಳಿಯುತ್ತದೆ. ಒಂದು ದೇಶದ ಸಿಲಿಂಡರ್ ಇನ್ನೊಂದು ದೇಶದಲ್ಲಿ ಬದಲಾಯಿಸಿ ಕೊಡುವುದಿಲ್ಲ, ಹಾಗಾಗಿ ಈ ಉಳಿತಾಯ ದೊಡ್ಡದು. ಟೈರಿನ ಮಾತು ಯಾಕೆಂದರೆ, ಕ್ರೊಯೇಷಿಯಾದ ಗುರುತಿಸಿದ ರಸ್ತೆಗಳಲ್ಲಿ ನವೆಂಬರ್ 15ರಿಂದ ಏಪ್ರಿಲ್ 15ರವರೆಗೆ ಚಳಿಗಾಲದ ಸಲಕರಣೆ ಕಡ್ಡಾಯ. ಸ್ಲೊವೇನಿಯಾದಲ್ಲೂ ನವೆಂಬರ್ 15ರಿಂದಲೇ ಶುರು. ಸಮುದ್ರ ತೀರ ಬೆಚ್ಚಗಿದ್ದರೂ ಅಲ್ಲಿಗೆ ತಲುಪುವ ದಾರಿ ಬೆಟ್ಟದ ಮೇಲಿನದು.

ಛಾವಣಿಯ ಸೋಲಾರ್ ಮೇಲೆ ಭರವಸೆ ಬೇಡ. ಸೂರ್ಯ ತಗ್ಗಿನಲ್ಲೇ ಸಾಗುವುದರಿಂದ ಬೇಸಿಗೆಯ ಮೂರನೇ ಒಂದು ಪಾಲು ಕರೆಂಟ್ ಬಂದರೆ ಪುಣ್ಯ. ಮೂರು ದಿನಕ್ಕೊಮ್ಮೆ ಕ್ಯಾಂಪ್‌ಸೈಟ್‌ನಲ್ಲಿ ತಂತಿ ಸಿಕ್ಕಿಸಿಕೊಳ್ಳಿ. ಇನ್ನು ಅನ್ನ ಸಾರು ಮಾಡುವವರಿಗೆ: ಕುಕ್ಕರ್ ಒಯ್ಯಿರಿ, ಗ್ಯಾಸ್ ಉಳಿಯುತ್ತದೆ. ಆದರೆ ವಿಷಲ್ ಹಾಕುವಾಗ ಛಾವಣಿಯ ಕಿಟಕಿ ತೆಗೆದಿಡಿ. ಆ ಹಬೆಯೆಲ್ಲ ರಾತ್ರಿ ಗಾಜಿನಿಂದ ಹಾಸಿಗೆಗೇ ಇಳಿಯುವುದು.

ಹಾಗಾದರೆ ಯಾರಿಗೆ ಯಾವುದು?

ಒಂದು ವಾರ ಹತ್ತು ದಿನ, ಬಾಡಿಗೆ ವ್ಯಾನ್, ಮಕ್ಕಳು ಜೊತೆಗೆ: ಅಕ್ಟೋಬರ್ ಕೊನೆಗೆ ಇಸ್ಟ್ರಿಯಾ, ಬೇಕಾದರೆ ಸ್ಪ್ಲಿಟ್‌ವರೆಗೆ. ಅದಕ್ಕಿಂತ ಮುಂದೆ ಆಸೆ ಪಟ್ಟರೆ ಪೂರ್ತಿ ಪ್ರವಾಸ ಸ್ಟಿಯರಿಂಗ್ ಹಿಂದೆಯೇ ಮುಗಿಯುತ್ತದೆ. ಒಂದು ತಿಂಗಳು, ಸ್ವಂತ ವ್ಯಾನ್, ಕಾಗದಪತ್ರ ಸರಿ ಇದ್ದವರು: ಅಕ್ಟೋಬರ್ ಮಧ್ಯಕ್ಕೆ ಡಾಲ್ಮೇಷಿಯಾ, ಮಾಂಟೆನೆಗ್ರೊವನ್ನು ಎರಡು ದಿನದಲ್ಲಿ ದಾಟಿ, ನವೆಂಬರ್ ಮೊದಲ ವಾರಗಳು ಅಲ್ಬೇನಿಯಾ, ಸರಂಡದಿಂದ ಕಾಫ ಬೋಟ ಗಡಿ ದಾಟಿ ಗ್ರೀಸ್, ಪಶ್ಚಿಮ ತೀರದಲ್ಲಿ ನಿಲ್ಲದೆ ಪೆಲೊಪೊನೀಸ್. ಹೀಗೆ ಹೋದರೆ ಬೂರಾ ಬಲಿಯುವ ಮುಂಚೆ ವೆಲೆಬಿಟ್ ಹಿಂದೆ ಬಿದ್ದಿರುತ್ತದೆ. ಇದೇ ದಾರಿಯನ್ನು ತಿರುಗಾಮುರುಗಾ, ದಕ್ಷಿಣದಿಂದ ಉತ್ತರಕ್ಕೆ, ನವೆಂಬರ್‌ನಲ್ಲಿ ಮಾಡುವುದು ಬೇಡ.

ಒಂದೇ ಪ್ರವೇಶದ ವೀಸಾ ಇದ್ದು ಗ್ರೀಸ್ ಬೇಕೇ ಬೇಕು ಎನ್ನುವವರಿಗೆ ಇಟಲಿಯ ದಾರಿ ಇದೆ. ಅಂಕೋನಾದಿಂದ ಇಗೌಮೆನಿತ್ಸಾ ಅಥವಾ ಪಾತ್ರಾಸ್‌ಗೆ ರಾತ್ರಿ ಹಡಗು, ಷೆಂಗೆನ್ ಬಿಟ್ಟು ಹೊರಗೆ ಹೋಗುವುದೇ ಇಲ್ಲ. ದೊಡ್ಡ ಪ್ರವಾಸ ಮುಗಿಸಿದವರಿಗೂ ವಾಪಸಾಗಲು ಇದೇ ಸುಲಭ. ಡೆಕ್ಕಿನಲ್ಲಿ ನಿಮ್ಮ ವ್ಯಾನಿನಲ್ಲೇ ಮಲಗುವ ಸೌಲಭ್ಯ ಅಕ್ಟೋಬರ್ ಕೊನೆಗೆ ನಿಲ್ಲುತ್ತದೆ, ಆಮೇಲೆ ಕ್ಯಾಬಿನ್ ಇಲ್ಲವೇ ಕುರ್ಚಿ ತೆಗೆದುಕೊಳ್ಳಬೇಕು. ಟಿಕೆಟ್ ದರ ವ್ಯಾನಿನ ಉದ್ದದ ಮೇಲೆ. ಬುಕ್ ಮಾಡುವ ಮುಂಚೆ ಹಿಂದಿನ ಸೈಕಲ್ ಸ್ಟ್ಯಾಂಡ್ ಸೇರಿಸಿ ಅಳೆಯಿರಿ. ಬಂದರಿನಲ್ಲಿ ಅವರು ಟೇಪು ಹಿಡಿದು ಅಳೆದರೆ ಆಗ ಚೌಕಾಸಿ ನಡೆಯುವುದಿಲ್ಲ.